ಗೋದಾಮಿನೊಳಗೊಂದು ಮನೆ, ಕಾಗದದಲ್ಲಿ ಕಾಣದ ಹೆಸರುಗಳು

ಮೂಡಿಗೆರೆ ಕಡೆಯ ನಮ್ಮ ಪರಿಚಯದ ಕುಟುಂಬವೊಂದು ಈಚೆಗೆ ಮಂಗಳೂರಿಗೆ ಮನೆ ನೋಡಲು ಹೋಗಿತ್ತು. ಮಗ ಗಲ್ಫಿನಲ್ಲಿ, ಮಗಳು ಮಂಗಳೂರಿನ ಕಾಲೇಜಿನಲ್ಲಿ, ತಂದೆಯದು ಕಾಫಿ-ಕಾಳುಮೆಣಸಿನ ಸಣ್ಣ ವ್ಯಾಪಾರ. ಬ್ರೋಕರ್ ತೋರಿಸಿದ್ದು ಎಲ್ಲ ಕಡೆ ಕಾಣುವ ಫ್ಲ್ಯಾಟ್ ಆಗಿರಲಿಲ್ಲ. ಹಳೆಯ ಗೋದಾಮೊಂದನ್ನು ಒಳಗಿನಿಂದ ಭಾಗ ಮಾಡಿ ಮನೆಗಳಾಗಿಸಿದ್ದರು. ಎತ್ತರದ ಮಾಡು, ದಪ್ಪ ಮರದ ತೊಲೆಗಳು, ಮಂಗಳೂರು ಹೆಂಚು, ಮದುವೆಯ ಚಪ್ಪರ ಹಾಕಬಹುದಾದಷ್ಟು ದೊಡ್ಡ ಹಾಲ್. ಹಾಲಿನ ಅರ್ಧಕ್ಕೆ ಮೇಲೊಂದು ಅಟ್ಟ, ಮಲಗುವುದು ಅಲ್ಲಿ. ಇದಕ್ಕೆ ಹೆಸರು ‘ಲಾಫ್ಟ್ ಅಪಾರ್ಟ್‌ಮೆಂಟ್’. ನಮ್ಮ ಉಮ್ಮಂದಿರು ಅಡಿಕೆ, ಹುಣಸೆಹಣ್ಣು, ಒಡೆದ ತೊಟ್ಟಿಲು ಇಡುತ್ತಿದ್ದ ಅಟ್ಟಕ್ಕೆ ಈಗ ಇಷ್ಟು ಬೆಲೆ ಬಂದಿದೆ ಎಂದು ಆ ಮನೆಯ ಹಿರಿಯರು ನಕ್ಕರಂತೆ. ಆದರೂ ಮನೆ ಮನಸ್ಸಿಗೆ ಹಿಡಿಸಿತು. ಮುಂಗಡ ಕೊಡುವ ಮಾತೂ ಆಯಿತು.

ಹಿಡಿಸುವುದರಲ್ಲಿ ಆಶ್ಚರ್ಯವಿಲ್ಲ. ಘಟ್ಟದವರಿಗೆ ಗೋದಾಮು ಹೊಸದೇನಲ್ಲ. ಇಲ್ಲಿನ ಕಾಫಿ ಘಟ್ಟ ಇಳಿದು ಮಂಗಳೂರಿಗೆ ಹೋಗುತ್ತಿದ್ದ ಕಾಲವಿತ್ತು. ಪಿಯರ್ಸ್ ಲೆಸ್ಲಿ, ಆಸ್ಪಿನ್‌ವಾಲ್‌ನಂಥ ಕಂಪನಿಗಳ ಕ್ಯೂರಿಂಗ್ ಕೆಲಸ ಅಲ್ಲೇ ನಡೆಯುತ್ತಿತ್ತು. 1942ರ ಕಾಫಿ ಕಾಯ್ದೆಯ ನಂತರ ಬೆಳೆಗಾರ ತನ್ನ ಬೆಳೆಯನ್ನು ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು. 1990ರ ದಶಕದ ನಡುವಿನಲ್ಲಿ ಆ ಕಟ್ಟು ಸಡಿಲವಾಗಿ ಕೊನೆಗೆ ಮುಕ್ತ ಮಾರಾಟ ಬಂತು. ಆಮೇಲೆ ಮೂಡಿಗೆರೆ, ಕಳಸ, ಚಿಕ್ಕಮಗಳೂರಿನ ರಸ್ತೆ ಬದಿಯಲ್ಲಿ ಕಾಫಿ ಕೊಳ್ಳುವ ಅಂಗಡಿ, ಅದರ ಹಿಂದೊಂದು ಗೋದಾಮು ಏಳುತ್ತ ಹೋದವು. ಅದರಲ್ಲಿ ನಮ್ಮವರ ಅಂಗಡಿಗಳೂ ಇದ್ದವು, ಇವೆ. ಈಗ ಕೆಲವು ಗೋದಾಮುಗಳಿಗೆ ಬೀಗ ಬಿದ್ದಿದೆ. ವ್ಯಾಪಾರ ಮಾಡುತ್ತಿದ್ದ ಹಿರಿಯರಿಲ್ಲ, ಮಕ್ಕಳು ದುಬೈ, ದಮಾಮ್‌ನಲ್ಲಿದ್ದಾರೆ. ಇನ್ನೊಂದು ಕಡೆ 2025ರ ಆರಂಭದಲ್ಲಿ ಅರೇಬಿಕಾ ಪಾರ್ಚ್‌ಮೆಂಟ್ 50 ಕೆ.ಜಿ. ಚೀಲಕ್ಕೆ 25 ಸಾವಿರ ರೂಪಾಯಿ ದಾಟಿತು. ಹೀಗೆ ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ ನಗರದಲ್ಲೊಂದು ಮನೆ ಬೇಕು ಎನಿಸುತ್ತದೆ. ಆದ್ದರಿಂದ ಗೋದಾಮಿನ ಮನೆ ಕೊಳ್ಳುವವರೂ ನಮ್ಮವರೇ, ಗೋದಾಮು ಮಾರುವವರೂ ನಮ್ಮವರೇ ಆಗಬಹುದು. ನಾವು ಈ ವಾರ ಇದನ್ನು ಎತ್ತಿಕೊಂಡದ್ದು ಆ ಕಾರಣಕ್ಕೆ.

ಕಟ್ಟಡದ ಮಾತು ಮೊದಲು. ಗೋದಾಮು ಕಟ್ಟುವುದು ಚೀಲಕ್ಕಾಗಿ. ಕಾಫಿಗೆ ಬೇಕಾದದ್ದು ಒಣ ನೆಲ, ಕಡಿಮೆ ಬೆಳಕು, ಒಂದೇ ಬಾಗಿಲು, ಭದ್ರ ಬೀಗ. ಮನುಷ್ಯನಿಗೆ ಬೇಕಾದದ್ದು ಹೆಚ್ಚುಕಡಿಮೆ ಇದರ ತದ್ವಿರುದ್ಧ. ನೋಡಲು ಹೋದವರು ತೊಲೆಯ ಅಂದ ನೋಡಿ ತಲೆಯೆತ್ತಿ ನಿಲ್ಲುತ್ತಾರೆ. ಕೆಳಗೆ ನೋಡುವುದೂ ಬಹಳವಿದೆ: ಶೌಚಾಲಯದ ನೀರು ಎಲ್ಲಿಗೆ ಹೋಗುತ್ತದೆ, ಬೆಂಕಿ ಬಿದ್ದರೆ ಹೊರಬರಲು ಎರಡನೇ ದಾರಿ ಇದೆಯೇ, ಹಳೆಯ ಗೋಡೆ ಆಷಾಢದ ಮಳೆಗೆ ಬೆವರುತ್ತದೆಯೇ? ಮನೆ ನೋಡಲು ಮಳೆಗಾಲದಲ್ಲೇ ಹೋಗಿ ಎನ್ನುತ್ತೇವೆ ನಾವು. ಇನ್ನು ಅಟ್ಟದ ಮೆಟ್ಟಿಲು. ಮಂಡಿನೋವಿನ ಉಮ್ಮ ರಾತ್ರಿ ಎರಡು ಸಲ ಇಳಿದು ಹತ್ತಬೇಕಾದರೆ ಆ ಚಂದ ಎಷ್ಟು ದಿನದ್ದು? ಅಡುಗೆಮನೆಗೂ ಹಾಲಿಗೂ ನಡುವೆ ಗೋಡೆಯಿಲ್ಲ. ಬಂಗುಡೆ ಹುರಿದರೆ ವಾಸನೆ ನೇರ ಹಾಸಿಗೆಗೆ. ಹೆಂಗಸರಿಗೆ ಬೇರೆ ಕೂರುವ ಜಾಗವೂ ಇಲ್ಲ.

ಹೊರದೇಶಗಳಲ್ಲಿ ಇಂಥ ಮನೆಗಳು ಹುಟ್ಟಿ ದಶಕಗಳಾದವು. ಲಂಡನ್ನಿನ ಥೇಮ್ಸ್ ದಂಡೆಯ ಬಟ್ಲರ್ಸ್ ವಾರ್ಫ್ ಚಹಾ, ಕಾಫಿ, ಸಾಂಬಾರ ಪದಾರ್ಥಗಳ ಗೋದಾಮಾಗಿತ್ತು. 1972ರಲ್ಲಿ ಮುಚ್ಚಿ, 80ರ ದಶಕದಲ್ಲಿ ದುಬಾರಿ ಮನೆಗಳಾಯಿತು. ನ್ಯೂಯಾರ್ಕಿನಲ್ಲಿ ಕಲಾವಿದರು ಖಾಲಿ ಕಾರ್ಖಾನೆ, ಗೋದಾಮುಗಳಲ್ಲಿ ಪರವಾನಗಿಯಿಲ್ಲದೆ ಬಿಡಾರ ಹೂಡಿದ್ದರು. ಕೊನೆಗೆ 1982ರಲ್ಲಿ ಅದಕ್ಕೆಂದೇ ‘ಲಾಫ್ಟ್ ಕಾನೂನು’ ಬಂತು. ವಾಸಕ್ಕೆ ತಕ್ಕ ಬೆಂಕಿ-ಸುರಕ್ಷತೆಯ ಏರ್ಪಾಡು ಮಾಡುವ ಹೊಣೆ ಕಟ್ಟಡದ ಮಾಲೀಕರ ಮೇಲೆ ಬಿತ್ತು. ಅಲ್ಲಿಯೂ ಗೋದಾಮು ಕಾಗದದಲ್ಲಿ ಮನೆಯಾಗಲು ವರ್ಷಗಟ್ಟಲೆ ಹಿಡಿಯಿತು.

ನಮ್ಮಲ್ಲಿ ಕಾಗದ ಎಂದರೆ ಏನೇನು? ನಗರದಲ್ಲಾದರೆ ಮಹಾಯೋಜನೆಯಲ್ಲಿ ಆ ಜಾಗ ವಾಸಕ್ಕೋ, ವಾಣಿಜ್ಯಕ್ಕೋ, ಕೈಗಾರಿಕೆಗೋ ಎಂಬುದನ್ನು ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ಕೇಳಬೇಕು. ಘಟ್ಟದಲ್ಲಿ ಗದ್ದೆ, ತೋಟದ ಜಾಗದಲ್ಲಿ ಎದ್ದ ಗೋದಾಮಾದರೆ 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ ಭೂಪರಿವರ್ತನೆ ಆಗಿದೆಯೇ, ಆದದ್ದು ಯಾವ ಉದ್ದೇಶಕ್ಕೆ ಎಂದು ಆದೇಶವನ್ನೇ ಓದಬೇಕು. ಗೋದಾಮಿಗೆಂದು ಆದ ಪರಿವರ್ತನೆ ಮನೆಗೂ ಸಾಕು ಎಂದುಕೊಂಡು ಕೂರಬೇಡಿ. ಹಳೆಯ ಕಟ್ಟಡವನ್ನು ಮನೆಗಳಾಗಿ ಬದಲಿಸಿ ಮಾರುವುದೂ 2016ರ ರೇರಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಆದರೆ ಜಾಗ 500 ಚದರ ಮೀಟರ್ ಮೀರದಿದ್ದರೆ ಅಥವಾ ಮನೆಗಳು ಎಂಟಕ್ಕಿಂತ ಹೆಚ್ಚಿಲ್ಲದಿದ್ದರೆ ನೋಂದಣಿ ಕಡ್ಡಾಯವಲ್ಲ. ಒಂದು ಗೋದಾಮಿನಲ್ಲಿ ಐದಾರು ಮನೆ ಮಾಡಿದವರು ಇದರಿಂದ ಸುಲಭವಾಗಿ ಜಾರಿಕೊಳ್ಳುತ್ತಾರೆ. ‘ರೇರಾ ಬೇಕಿಲ್ಲ’ ಎಂದು ಬ್ರೋಕರ್ ಹೇಳಿದರೆ ಅದು ಸುಳ್ಳಾಗಿರಲಿಕ್ಕಿಲ್ಲ. ಆದರೆ ಆಗ ನೋಡಿಕೊಳ್ಳುವ ಜವಾಬ್ದಾರಿ ಪೂರ್ತಿ ನಿಮ್ಮ ತಲೆಗೆ ಬಂತು. ಅಟ್ಟ ಮಂಜೂರಾದ ನಕ್ಷೆಯಲ್ಲಿ ಇದೆಯೇ, ಹೇಳಿದ ಚದರ ಅಡಿಯಲ್ಲಿ ಅಟ್ಟವನ್ನೂ ಮೆಟ್ಟಿಲನ್ನೂ ಸೇರಿಸಿದ್ದಾರೆಯೇ? ವಾಸಯೋಗ್ಯ ಪ್ರಮಾಣಪತ್ರ, ಅಂದರೆ ಓ.ಸಿ. ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು ಎಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗೋದಾಮಿನ ಹಳೆಯ ಮೀಟರ್ ತೋರಿಸಿ ‘ಕರೆಂಟ್ ಇದೆಯಲ್ಲಾ’ ಎಂದರೆ ಮೋಸ ಹೋಗಬೇಡಿ.

ಇಷ್ಟೆಲ್ಲ ಸರಿಯಿದ್ದರೂ ಉಳಿಯುವ ಒಂದು ವಿಷಯವಿದೆ. ನಮ್ಮ ಸಮುದಾಯದ ಹಳೆಯ ಆಸ್ತಿಗಳಲ್ಲಿ ಹೆಚ್ಚು ಕಾಡುವುದೂ ಅದೇ. ಗೋದಾಮು ಕಟ್ಟಿದ ತಂದೆ ತೀರಿಕೊಂಡಿರುತ್ತಾರೆ. ವ್ಯಾಪಾರ ಮುಂದುವರಿಸಿದ ಮಗನ ಹೆಸರಿಗೆ ಖಾತೆ ಆಗಿರುತ್ತದೆ. ತೆರಿಗೆ ರಶೀದಿ ಅವನದು, ಇ-ಖಾತೆ ಅವನದು. ಹೆಣ್ಣುಮಕ್ಕಳ ಹೆಸರು ಎಲ್ಲಿಯೂ ಇಲ್ಲ. ಕೇಳಿದರೆ ‘ಮದುವೆಗೆ ಅಷ್ಟು ಚಿನ್ನ ಕೊಟ್ಟಿದ್ದೇವಲ್ಲ, ಅದೇ ಅವರ ಪಾಲು’ ಎನ್ನುತ್ತಾರೆ. ಇದು ನಮ್ಮ ಮನೆಗಳಲ್ಲಿ ಎಷ್ಟು ಸಲ ಕೇಳಿದ ಮಾತು! ಶರೀಅತ್ತಿನಲ್ಲಿ ಅಂಥ ಲೆಕ್ಕವಿಲ್ಲ. ತಂದೆ ಕಣ್ಣುಮುಚ್ಚಿದ ಗಳಿಗೆಯಲ್ಲೇ ಮಗಳ ಪಾಲು ಅವಳದಾಗುತ್ತದೆ. ಮಗನ ಪಾಲಿನ ಅರ್ಧದಷ್ಟು ಎಂದು ಕುರ್‌ಆನ್ ನಿಗದಿ ಮಾಡಿದೆ. ಮದುವೆಗೆ ಕೊಟ್ಟದ್ದು ಅದರಲ್ಲಿ ವಜಾ ಆಗುವುದಿಲ್ಲ. ಕಾನೂನೂ ಇದನ್ನೇ ಹೇಳುತ್ತದೆ: ತಂಗಿಯ ಪಾಲನ್ನು ಅಣ್ಣ ತನ್ನ ಸಹಿಯಿಂದ ಮಾರಲಾರ. ಖಾತೆ ತೆರಿಗೆಯ ದಾಖಲೆಯೇ ಹೊರತು ಹಕ್ಕಿನ ಪತ್ರವಲ್ಲ. ಋಣಭಾರ ಪತ್ರದಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ನೋಂದಣಿಯೇ ಆಗದ ತಂಗಿಯ ಪಾಲು ಅಲ್ಲಿ ಕಾಣುವುದಿಲ್ಲ.

ಹತ್ತು ವರ್ಷ ಕಳೆದ ಮೇಲೆ ಆ ತಂಗಿಯೋ ಅವಳ ಮಕ್ಕಳೋ ಕೋರ್ಟಿಗೆ ಹೋದರೆ ಕಕ್ಷಿದಾರನಾಗುವುದು ಗಲ್ಫಿನ ದುಡಿಮೆ ಸುರಿದು ಮನೆ ಕೊಂಡವನು. ಆಗ ಅವಳನ್ನು ದೂರುವುದೂ ನ್ಯಾಯವಲ್ಲ. ಆದ್ದರಿಂದ ಮಾರುವವರ ವಂಶವೃಕ್ಷ ಕೇಳಿ. ಅದರಲ್ಲಿರುವ ಪ್ರತಿ ಹೆಸರೂ ಕ್ರಯಪತ್ರದಲ್ಲಿ ಇರಬೇಕು, ಇಲ್ಲವೇ ನೋಂದಣಿಯಾದ ಹಕ್ಕುಬಿಡುಗಡೆ ಪತ್ರ ಇರಬೇಕು. ಮಸೀದಿಯ ಆಸುಪಾಸಿನ ಹಳೆಯ ಕಟ್ಟಡವಾದರೆ ವಕ್ಫ್ ಕಚೇರಿಯಲ್ಲೂ ಒಮ್ಮೆ ವಿಚಾರಿಸಿ. ಹಾಗೆಯೇ, ಬೀಗ ಬಿದ್ದ ಗೋದಾಮನ್ನು ಮನೆಯಾಗಿಸಿ ಮಾರುವ ಆಲೋಚನೆಯಲ್ಲಿರುವ ನಮ್ಮ ಅಣ್ಣತಮ್ಮಂದಿರು ಬಿಲ್ಡರ್ ಹತ್ತಿರ ಹೋಗುವ ಮುಂಚೆ ಅಕ್ಕತಂಗಿಯರ ಮನೆಗೆ ಹೋಗಲಿ.

ಮೂಡಿಗೆರೆಯ ಆ ಕುಟುಂಬ ಮುಂಗಡ ಇನ್ನೂ ಕೊಟ್ಟಿಲ್ಲ. ವಂಶವೃಕ್ಷ ಕೇಳಿದಾಗ ಬ್ರೋಕರ್ ಒಂದು ವಾರ ಫೋನ್ ಎತ್ತಲಿಲ್ಲವಂತೆ. ಆಮೇಲೆ ತಂದುಕೊಟ್ಟ ಕಾಗದದಲ್ಲಿ ಮೂವರು ಗಂಡುಮಕ್ಕಳ ಕೆಳಗೆ ಇಬ್ಬರು ಹೆಣ್ಣುಮಕ್ಕಳ ಹೆಸರಿತ್ತು. ಒಬ್ಬರು ಉಪ್ಪಿನಂಗಡಿ ಕಡೆ ಇದ್ದಾರೆ. ಮಾರಾಟದ ಸುದ್ದಿ ಅವರಿಗೆ ತಲುಪಿದ್ದೇ ಈ ಕುಟುಂಬ ಹೋಗಿ ಕೇಳಿದಾಗ.