ಠಾಣೆಯ ಕನ್ನಡ

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಹಿರಿಯರು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವುದನ್ನು ಅಪಶಕುನವೆಂದೇ ಭಾವಿಸಿದ್ದರು. ನಿಜಾಮರ ಕಾಲದ ‘ಅಮೀನ್ ಸಾಹೇಬ’ನ ಭಯ ಸಂಸ್ಥಾನ ಹೋದ ಮೇಲೂ ಬಹಳ ವರ್ಷ ಉಳಿಯಿತು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನಕ್ಕೆ ನುಗ್ಗಿದ್ದು ಭಾರತದ ಸೈನ್ಯ. ಆದರೆ ಅದಕ್ಕೂ ‘ಪೊಲೀಸ್ ಕಾರ್ಯಾಚರಣೆ’ ಎಂದೇ ಹೆಸರು ಬಿತ್ತು. ಹೀಗೆ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಆ ಪದ ನಮ್ಮ ನೆನಪಿನಲ್ಲಿ ದೊಡ್ಡದಾಗಿ ನಿಂತಿದೆ. ಆದರೆ ನಮ್ಮೂರಿನ ಠಾಣೆಯಲ್ಲಿ ದಿನವೂ ನಡೆಯುವ ಕೆಲಸವಾದರೂ ಏನು ಎಂದು ಕೇಳಿದರೆ, ಪದವೀಧರರೂ ತಡವರಿಸುತ್ತಾರೆ.

ನನ್ನ ಕೈಯಲ್ಲಿ ಕಲಿತ ಕೆಲವರು ಖಾಕಿ ತೊಟ್ಟಿದ್ದಾರೆ. ರಜೆಯಲ್ಲಿ ಊರಿಗೆ ಬಂದಾಗ ಅವರು ಹೇಳುವ ಮಾತುಗಳಲ್ಲಿ ಸಿನಿಮಾದ ಸಾಹಸಗಳಾವುವೂ ಇರುವುದಿಲ್ಲ. ಗಾಣಗಾಪುರದ ದತ್ತ ಜಯಂತಿಯ ಬಂದೋಬಸ್ತ್, ಆಳಂದದ ದರ್ಗಾದ ಉರುಸು, ಚುನಾವಣೆ ಬಂತೆಂದರೆ ಮಹಾರಾಷ್ಟ್ರದ ಗಡಿಯ ತಪಾಸಣಾ ಠಾಣೆ, ನ್ಯಾಯಾಲಯದ ಸಮನ್ಸ್ ಹಿಡಿದು ಹಳ್ಳಿ ಹಳ್ಳಿ ಅಲೆಯುವುದು, ಬಾವಿಗೆ ಬಿದ್ದವರ ಪಂಚನಾಮೆ, ಮಟಕಾ, ಇಸ್ಪೇಟು. ಹೆಚ್ಚಿನ ಹೊತ್ತೆಲ್ಲ ರಸ್ತೆಯ ಮೇಲೆ, ಉಳಿದದ್ದು ಕಾಗದದ ಮೇಲೆ. ಅಪಾಯವಿಲ್ಲವೆಂದಲ್ಲ. 2023ರ ಜೂನಿನಲ್ಲಿ ಜೇವರ್ಗಿ ತಾಲೂಕಿನ ನೆಲೋಗಿ ಠಾಣೆಯ ಹೆಡ್ ಕಾನ್ಸ್‌ಟೇಬಲ್ ಒಬ್ಬರು ಅಕ್ರಮ ಮರಳಿನ ಟ್ರ್ಯಾಕ್ಟರ್ ತಡೆಯಲು ಹೋಗಿ ಅದೇ ಟ್ರ್ಯಾಕ್ಟರಿನಡಿ ಪ್ರಾಣ ಬಿಟ್ಟರು. ಭೀಮೆಯ ಮರಳಿನಿಂದ ಮನೆ ಕಟ್ಟಿಸಿಕೊಂಡ ನಾವೆಲ್ಲರೂ ಒಮ್ಮೆ ನೆನೆಯಬೇಕಾದ ಸಾವು ಅದು. (2025ರ ಅಕ್ಟೋಬರಿನಲ್ಲಿ ಪೇದೆಗಳ ಅಗಲ ಅಂಚಿನ ಹಳೆಯ ಟೊಪ್ಪಿಗೆ ಹೋಗಿ ಹೊಸ ನೀಲಿ ಟೊಪ್ಪಿಗೆ ಬಂದಿದೆ. ನನ್ನ ಮೊಮ್ಮಗನಿಗೆ ಇದೇ ಚೆಂದವಂತೆ. ನನಗೆ ಇನ್ನೂ ಕಣ್ಣಿಗೆ ಹಿಡಿಸಿಲ್ಲ.)

ಭಾಷೆ ಕಲಿಸಿದವನಾದ್ದರಿಂದ ನನ್ನ ಗಮನ ಹೋಗುವುದು ಆ ಕಾಗದದ ಕಡೆಗೆ. ಠಾಣೆಯ ಕನ್ನಡವೆಂಬುದು ಒಂದು ಬೇರೆಯೇ ಕನ್ನಡ. ಫಿರ್ಯಾದಿ, ಗುನ್ನೆ, ಜಪ್ತಿ, ಮುದ್ದೆಮಾಲು, ಹಾಜರ್... ಪಾರಸಿ, ಅರಬ್ಬಿ ಮೂಲದ ಈ ಮಾತುಗಳ ಬಗ್ಗೆ ನನಗೆ ತಕರಾರಿಲ್ಲ. ನಮ್ಮ ಭಾಗದವರಿಗೆ ಅವು ಪರಕೀಯವೂ ಅಲ್ಲ. ತಕರಾರಿರುವುದು ವಾಕ್ಯದ ಬಗ್ಗೆ. ‘ಈ ದಿವಸ ಫಿರ್ಯಾದಿದಾರರು ಠಾಣೆಗೆ ಹಾಜರಾಗಿ’ ಎಂದು ಆರಂಭವಾದ ವಾಕ್ಯವು ‘ಅಂತಾ ವಗೈರೆ ಸಾರಾಂಶದ ಮೇಲಿಂದ ಪ್ರಕರಣ ದಾಖಲು’ ಎಂಬಲ್ಲಿಗೆ ಮುಟ್ಟುವವರೆಗೆ ಎಲ್ಲಿಯೂ ಉಸಿರು ಬಿಡುವುದಿಲ್ಲ. ನಡುವೆ ಯಾರು ಯಾರನ್ನು ಹೊಡೆದರು ಎಂಬುದನ್ನು ವ್ಯಾಕರಣ ಬಲ್ಲ ನಾನೇ ಎರಡು ಸಲ ಓದಿ ತಿಳಿಯಬೇಕಾಗುತ್ತದೆ. ಹೆಬ್ಬೆಟ್ಟು ಒತ್ತುವವರ ಗತಿಯೇನು?

ಇದು ಬರಿಯ ಶೈಲಿಯ ಮಾತಲ್ಲ. ಕೆಲವು ವರ್ಷಗಳ ಹಿಂದೆ ಪರಿಚಿತ ಕುಟುಂಬವೊಂದರ ಜೋಡೆತ್ತು ಕಳುವಾದವು. ಮನೆಯ ಹೆಣ್ಣುಮಗಳು ಠಾಣೆಯಲ್ಲಿ ಹೇಳಿದ್ದು ‘ನಸುಕಿನ್ಯಾಗ ನೋಡಿದ್ರ ಇರಲಿಲ್ರೀ’ ಎಂದು. ಬರೆದುಕೊಂಡವರು ಬೇರೆ ಸೀಮೆಯವರೋ, ಅವಸರದಲ್ಲಿದ್ದರೋ, ಕಾಗದದಲ್ಲಿ ಅದು ‘ರಾತ್ರಿ 10 ಗಂಟೆಗೆ ನೋಡಲಾಗಿ’ ಎಂದಾಯಿತು. ಯಾವ ಠಾಣೆ ಎಂಬುದು ಇಲ್ಲಿ ಬೇಡ. ಮುಂದೆ ನ್ಯಾಯಾಲಯದಲ್ಲಿ ಆಕೆ ‘ನಸುಕು’ ಎಂದಳು, ಕಾಗದ ‘ರಾತ್ರಿ’ ಎಂದಿತು, ವಕೀಲರು ಅದನ್ನೇ ಹಿಡಿದು ಜಗ್ಗಿದರು. ಸುಳ್ಳು ಹೇಳದ ಹೆಣ್ಣುಮಗಳು ಎಲ್ಲರೆದುರು ಸುಳ್ಳಿಯಾಗಿ ನಿಂತಳು. ಎತ್ತುಗಳೂ ಸಿಗಲಿಲ್ಲ.

ಕಾನೂನಿನಲ್ಲಿ ಇದಕ್ಕೆ ಉಪಾಯವಿಲ್ಲವೇ? ಇದೆ, ಮೊದಲಿನಿಂದಲೂ ಇದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮು ಹಳೆಯ ಸಂಹಿತೆಯ 154ನೆಯ ಕಲಮಿನ ಮಾತನ್ನೇ ಮುಂದುವರಿಸಿದೆ: ಬಾಯಿಮಾತಿನಲ್ಲಿ ಹೇಳಿದ ದೂರನ್ನು ಬರೆದುಕೊಂಡು, ದೂರು ಕೊಟ್ಟವರಿಗೆ ಓದಿ ಹೇಳಿ, ಆನಂತರ ಸಹಿ ಮಾಡಿಸಿಕೊಳ್ಳಬೇಕು, ಅದರ ಪ್ರತಿಯನ್ನು ಕೂಡಲೇ, ಬಿಡಿಗಾಸೂ ಪಡೆಯದೆ ಕೊಡಬೇಕು. ಘಟನೆ ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ದೂರು ಸ್ವೀಕರಿಸಬೇಕು. ಅಂದರೆ ಅಫಜಲಪುರದಲ್ಲಿ ಕಳೆದುಕೊಂಡವನು ಜೇವರ್ಗಿಯಲ್ಲಿ ಬರೆಸಬಹುದು. ಠಾಣಾಧಿಕಾರಿ ನಿರಾಕರಿಸಿದರೆ ಅಂಚೆಯ ಮೂಲಕ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳುಹಿಸಬಹುದು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರಲ್ಲಿಗೆ ಹೋಗಬಹುದು. ಗಂಭೀರ ಅಪರಾಧದ ಮಾಹಿತಿ ಬಂದಾಗ ಪ್ರಕರಣ ದಾಖಲಿಸುವುದು ಠಾಣೆಯ ಇಷ್ಟಕ್ಕೆ ಬಿಟ್ಟದ್ದಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2013ರಲ್ಲಿಯೇ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ.

‘ಓದಿ ಹೇಳಿ’ ಎಂಬ ಎರಡು ಪದಗಳಲ್ಲಿಯೇ ನನ್ನ ಇಡೀ ವಾದ ಅಡಗಿದೆ. ಓದಿ ಹೇಳುವುದೆಂದರೆ ಗಡಗಡನೆ ಉಸುರುವುದಲ್ಲ. ನಸುಕಿಗೆ ನಸುಕು ಎಂದೇ ಬರೆಯಬೇಕು. ‘ಕಾಕಾನ ಮಗ’ ಎಂದರೆ ಕಾಕಾನ ಮಗ, ‘ಸಂಬಂಧಿಕ’ನಲ್ಲ. ನಮ್ಮವರೂ ಅಷ್ಟೇ, ಸಹಿ ಹಾಕುವ ಮೊದಲು ‘ಸಾಹೇಬ್ರ, ಒಮ್ಮೆ ಓದ್ರೀ’ ಎನ್ನಲು ಹೆದರುತ್ತಾರೆ. ಸಹಕಾರಿ ಸಂಘದ ಸಾಲದ ಪತ್ರವನ್ನು ನಾಲ್ಕು ಜನರಿಂದ ಓದಿಸುವವರು ಇಲ್ಲಿ ಮಾತ್ರ ಬಾಯಿ ಬಿಡುವುದಿಲ್ಲ!

ಒಂದು ಕಾಗದ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಆಳಂದವೇ ಸಾಕ್ಷಿ. 2023ರ ವಿಧಾನಸಭಾ ಚುನಾವಣೆಗೆ ಮೊದಲು ಆ ಕ್ಷೇತ್ರದಲ್ಲಿ ಮತದಾರರ ಹೆಸರು ತೆಗೆದುಹಾಕಲು ಕೋರಿ 6,018 ಅರ್ಜಿಗಳು ಬಂದಿದ್ದವು. ಪರಿಶೀಲಿಸಿದಾಗ ಸರಿಯಾಗಿದ್ದವು 24 ಮಾತ್ರ. ಚುನಾವಣಾಧಿಕಾರಿಗಳ ದೂರಿನ ಮೇಲೆ ಆ ಫೆಬ್ರವರಿಯಲ್ಲಿ ಆಳಂದ ಠಾಣೆಯಲ್ಲಿ ಪ್ರಕರಣ ದಾಖಲಾಯಿತು. ಅಲ್ಲಿಂದ ಅದು ಸಿ.ಐ.ಡಿ.ಗೆ ಹೋಯಿತು, 2025ರ ಸೆಪ್ಟೆಂಬರಿನಲ್ಲಿ ವಿಶೇಷ ತನಿಖಾ ತಂಡವೇ ರಚನೆಯಾಗಿ ದೇಶವೆಲ್ಲ ನಮ್ಮ ತಾಲೂಕಿನ ಹೆಸರು ಕೇಳಿತು. ಯಾರು ಮಾಡಿದರು ಎಂಬುದು ನ್ಯಾಯಾಲಯಕ್ಕೆ ಸೇರಿದ ಮಾತು, ನನ್ನದಲ್ಲ. ಪಕ್ಷದವರ ಜಗಳವೂ ನನಗೆ ಬೇಡ. ನಾನು ಹೇಳುವುದಿಷ್ಟೆ: ತಾಲೂಕು ಠಾಣೆಯಲ್ಲಿ ದಾಖಲಾದ ಒಂದು ದೂರು ಇಲ್ಲದೆ ಹೋಗಿದ್ದರೆ, ಮುಂದಿನ ಯಾವ ತನಿಖೆಗೂ ಕಾಲೂರಲು ನೆಲವಿರುತ್ತಿರಲಿಲ್ಲ.

ಆ ಎತ್ತಿನ ಮನೆಯವರಿಗೆ ಮಾತ್ರ ದೂರು ಕೊಟ್ಟ ಮೇಲೆ ಏನಾಯಿತೆಂದು ವರ್ಷಗಟ್ಟಲೆ ತಿಳಿಯಲೇ ಇಲ್ಲ. ಈಗ ಹೊಸ ಸಂಹಿತೆಯ 193ನೆಯ ಕಲಮು, ತನಿಖೆ ಎಲ್ಲಿಗೆ ಬಂದಿದೆಯೆಂಬುದನ್ನು 90 ದಿನಗಳೊಳಗೆ ದೂರುದಾರರಿಗೆ ತಿಳಿಸಬೇಕೆನ್ನುತ್ತದೆ. ಮೊಬೈಲಿನಲ್ಲಿ ತಿಳಿಸಿದರೂ ಆದೀತು. ಒಳ್ಳೆಯ ಕಲಮು. ಆದರೆ ಒಬ್ಬೊಬ್ಬ ಪೇದೆಯ ಹೆಗಲ ಮೇಲೆ ಹಲವು ಹಳ್ಳಿಗಳ ಗಸ್ತು, ಅದರ ಮೇಲೆ ಬಂದೋಬಸ್ತ್. ಈ ಭಾರದ ನಡುವೆ ಆ ಪತ್ರ ಬರೆಯುವವರು ಯಾರು? ಸಿಬ್ಬಂದಿ ಕೊಡದೆ ಕಲಮು ಕೊಟ್ಟರೆ ಪೇದೆಗೂ ನ್ಯಾಯವಲ್ಲ, ಫಿರ್ಯಾದಿಗೂ ನ್ಯಾಯವಲ್ಲ.

ಇದನ್ನು ಓದುತ್ತಿರುವ ನನ್ನ ವಿದ್ಯಾರ್ಥಿಗಳಲ್ಲಿ ಇಲಾಖೆಯವರೂ ಇದ್ದೀರಿ. ನಿಮ್ಮ ಠಾಣೆಯಲ್ಲಿ ಆ 90 ದಿನಗಳ ತಿಳುವಳಿಕೆ ಹೋಗುತ್ತಿದೆಯೇ, ಹೋದರೆ ಯಾವ ಕನ್ನಡದಲ್ಲಿ ಹೋಗುತ್ತಿದೆ ಎಂಬುದನ್ನು ಬಿಡುವಾದಾಗ ಎರಡು ಸಾಲು ಬರೆದು ತಿಳಿಸಿರಿ. ತಪ್ಪು ಹುಡುಕಿ ಕೆಂಪು ಶಾಯಿ ಹಾಕುವುದಿಲ್ಲ.