ಗೃಹಧರ್ಮ ಚಿಂತನ: ಹಡಗಿನ ಪ್ರವಾಸ, ಪಾನೀಯದ ನಿಯಮ ಮತ್ತು ನಮ್ಮ ನೇಮ

ಅಮೆರಿಕದಲ್ಲಿ ನೆಲೆಸಿರುವ ಮಕ್ಕಳು ತಮ್ಮ ತಂದೆತಾಯಿಯರನ್ನು ಕರೆಸಿಕೊಂಡು, ಫ್ಲೋರಿಡಾದ ಮಯಾಮಿ ಮೊದಲಾದ ಬಂದರುಗಳಿಂದ ಹೊರಡುವ ವಿಹಾರನೌಕೆಗಳಲ್ಲಿ ನಾಲ್ಕಾರು ದಿನ ಸಮುದ್ರ ಪ್ರವಾಸ ಮಾಡಿಸುವುದು ಈಗ ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಕಂಡುಬರುವ ಸಂಗತಿ. ಹೆತ್ತವರನ್ನು ಸಂತೋಷಪಡಿಸಬೇಕೆಂಬ ಮಕ್ಕಳ ಹಂಬಲ ಮೆಚ್ಚತಕ್ಕದ್ದೇ. ಆದರೆ ಜೀವಮಾನವಿಡೀ ಮದ್ಯವನ್ನು ಮುಟ್ಟದೆ, ಲಿಂಗಪೂಜೆಯಿಲ್ಲದೆ ಬಾಯಿಗೆ ನೀರು ಹಾಕದೆ ಬಾಳಿದ ಹಿರಿಯರಿಗೆ ಆ ನೌಕೆಯನ್ನು ಏರುವ ಮೊದಲೇ ಕೆಲವು ಪ್ರಶ್ನೆಗಳು ಎದುರಾಗುತ್ತವೆ. ಕುಡಿಯುವ ನೀರನ್ನು ಕೊಂಡೊಯ್ಯಬಹುದೆ? ಹಡಗಿನ ನೀರು ಪೂಜೆಗೆ ಸಲ್ಲುವುದೆ? ಬೇರೆಯವರ ಮದ್ಯದ ಸೀಸೆಯನ್ನು ನಮ್ಮ ಚೀಲದಲ್ಲಿಡಬಹುದೆ? ಈ ತಿಂಗಳ ಅಂಕಣದಲ್ಲಿ ಇವುಗಳನ್ನು ಕುರಿತು ವಿಚಾರ ಮಾಡೋಣ.

ಮೊದಲು ನಿಯಮಗಳನ್ನು ತಿಳಿಯುವುದು ಲೇಸು. ವಿಹಾರನೌಕೆಯ ಕಂಪನಿಗಳಿಗೆ ಪ್ರಯಾಣದ ಟಿಕೆಟಿನಿಂದ ಬರುವ ಹಣವಷ್ಟೇ ಆದಾಯವಲ್ಲ. ಹಡಗಿನೊಳಗೆ ಮಾರುವ ಪಾನೀಯಗಳಿಂದ ಬರುವ ಲಾಭವೂ ದೊಡ್ಡದು. ಆದ್ದರಿಂದ ಹೊರಗಿನ ಪಾನೀಯಕ್ಕೆ ಅವು ಕಟ್ಟುನಿಟ್ಟಾದ ಮಿತಿ ಹಾಕಿವೆ. ನೀರಿನ ಸೀಸೆಯಲ್ಲಿ ಮದ್ಯವನ್ನು ತುಂಬಿ ಕದ್ದು ಸಾಗಿಸುವವರು ಹೆಚ್ಚಿದುದೂ, ಸೀಸೆಗಳನ್ನು ಒಂದೊಂದಾಗಿ ಪರೀಕ್ಷಿಸುತ್ತ ಕುಳಿತರೆ ಜನರು ಹಡಗು ಹತ್ತುವುದಕ್ಕೆ ತಡವಾಗುವುದೂ ಇದಕ್ಕೆ ಸೇರಿದ ಕಾರಣಗಳು. ಈ ಹಿನ್ನೆಲೆಯಲ್ಲಿ ಕಾರ್ನಿವಲ್ ಕಂಪನಿಯು 2015ರಲ್ಲಿ ಸೀಸೆಯ ನೀರನ್ನು ತರುವುದನ್ನೇ ನಿಷೇಧಿಸಿತು. ನಾರ್ವೇಜಿಯನ್ ಕಂಪನಿಯು 2017ರಲ್ಲಿ ಅದೇ ದಾರಿ ಹಿಡಿಯಿತು.

ಕಾರ್ನಿವಲ್ ಹಡಗಿನಲ್ಲಿ ಮದ್ಯವಲ್ಲದ ಪಾನೀಯವನ್ನು ಪ್ರತಿಯೊಬ್ಬರೂ ಸ್ವಲ್ಪ ಪ್ರಮಾಣದಲ್ಲಿ ಒಯ್ಯಬಹುದು. ಮೊಹರು ಒಡೆಯದ ಡಬ್ಬಿ ಅಥವಾ ರಟ್ಟಿನ ಪೊಟ್ಟಣಗಳು 12ಕ್ಕೆ ಮೀರಬಾರದು. ಒಂದೊಂದೂ 12 ಔನ್ಸಿಗೆ, ಎಂದರೆ ಸುಮಾರು 355 ಮಿಲಿಲೀಟರಿಗೆ ಹೆಚ್ಚಿರಬಾರದು. ಗಾಜಿನ ಅಥವಾ ಪ್ಲಾಸ್ಟಿಕ್ಕಿನ ಸೀಸೆಗೆ ಅವಕಾಶವಿಲ್ಲ. ರಾಯಲ್ ಕೆರಿಬಿಯನ್ ಹಡಗಿನಲ್ಲಿಯೂ 12ರ ಮಿತಿಯಿದೆ; ಅಲ್ಲಿ ಒಂದೊಂದರ ಅಳತೆ 17 ಔನ್ಸಿನವರೆಗೆ ಇರಬಹುದು. ನಾರ್ವೇಜಿಯನ್ ಹಡಗಿಗೆ ಸೀಸೆಯ ನೀರನ್ನಾಗಲಿ ತಂಪು ಪಾನೀಯವನ್ನಾಗಲಿ ತರುವಂತಿಲ್ಲ. ಕೂಸಿನ ಹಾಲಿನ ಪುಡಿಗೆ ಬೇಕಾದ ನೀರಿಗೂ, ಉಸಿರಾಟದ ಯಂತ್ರಕ್ಕೆ ಹಾಕುವ ಶುದ್ಧೀಕರಿಸಿದ ನೀರಿಗೂ ಮಾತ್ರ ವಿನಾಯಿತಿಯುಂಟು; ಅದೂ ಕಾರ್ಖಾನೆಯ ಮೊಹರು ಒಡೆಯದಿರಬೇಕು. ಇಂತಹ ಅಗತ್ಯವುಳ್ಳ ಮನೆಯವರು ಕಂಪನಿಗೆ ಮುಂಚಿತವಾಗಿಯೇ ತಿಳಿಸತಕ್ಕದ್ದು.

ಒಯ್ಯುವುದನ್ನು ದೊಡ್ಡ ಪೆಟ್ಟಿಗೆಯಲ್ಲಿಡದೆ ಕೈಚೀಲದಲ್ಲಿ, ಹಡಗು ಹತ್ತುವ ಮೊದಲ ದಿನವೇ ಒಯ್ಯಬೇಕು. ನಡುವಿನ ಬಂದರಿನಲ್ಲಿ ಕೊಂಡ ಮದ್ಯವನ್ನು ಹಡಗಿನವರು ತಮ್ಮ ವಶದಲ್ಲಿಟ್ಟುಕೊಂಡು ಪ್ರವಾಸದ ಕೊನೆಗೆ ಹಿಂದಿರುಗಿಸುವರು. ನಿಯಮ ಮೀರಿ ತಂದುದು ಹೊರಗೆಸೆಯಲ್ಪಡಬಹುದು, ಅದಕ್ಕೆ ಪರಿಹಾರವಿಲ್ಲ. ಈ ನಿಯಮಗಳು ಆಗಾಗ ಬದಲಾಗುವುದರಿಂದ ಟಿಕೆಟ್ಟಿನೊಡನೆ ಬರುವ ಷರತ್ತುಗಳನ್ನು ಹೊರಡುವ ಮುನ್ನ ಮಕ್ಕಳಿಂದ ಓದಿಸಿ ಕೇಳುವುದು ಜಾಣತನ.

ನೀರು ಒಯ್ಯುವಂತಿಲ್ಲವೆಂದು ಯಾರೂ ಗಾಬರಿಪಡಬೇಕಾಗಿಲ್ಲ. ಹಡಗಿನಲ್ಲಿ ಸಮುದ್ರದ ನೀರನ್ನು ಕಾಯಿಸಿ ಆವಿಯಾಗಿಸಿ, ಇಲ್ಲವೆ ಅತಿ ಸೂಕ್ಷ್ಮವಾದ ಪೊರೆಗಳ ಮೂಲಕ ಒತ್ತಡದಿಂದ ಹಾಯಿಸಿ ಉಪ್ಪನ್ನು ಬೇರ್ಪಡಿಸುವರು. ಬಂದರುಗಳಲ್ಲಿಯೂ ನೀರು ತುಂಬಿಕೊಳ್ಳುವರು. ಅನಂತರ ಕ್ಲೋರಿನ್ ಮೊದಲಾದವುಗಳಿಂದ ಶುದ್ಧಿಗೊಳಿಸುವರು. ಅಮೆರಿಕದ ಬಂದರುಗಳಿಗೆ ಬರುವ ವಿಹಾರನೌಕೆಗಳ ನೀರು ಮತ್ತು ಅಡುಗೆಮನೆಗಳನ್ನು ಆ ದೇಶದ ರೋಗ ನಿಯಂತ್ರಣ ಕೇಂದ್ರವು 1970ರ ದಶಕದಿಂದಲೂ ಪರಿಶೀಲಿಸುತ್ತ ಬಂದಿದೆ. ಕೊಠಡಿಯ ನಲ್ಲಿಯ ನೀರೂ ಕುಡಿಯಲು ಯೋಗ್ಯವಾದುದೇ. ಊಟದ ಶಾಲೆಯಲ್ಲಿ ನೀರು, ಚಹಾ, ಸಾದಾ ಕಾಫಿಗಳಿಗೆ ಸಾಮಾನ್ಯವಾಗಿ ಪ್ರತ್ಯೇಕ ಹಣ ಕೊಡಬೇಕಾಗಿಲ್ಲ. ಖಾಲಿ ಸ್ಟೀಲಿನ ಸೀಸೆಯೊಂದು ಜೊತೆಯಲ್ಲಿದ್ದರೆ ಸಾಕು.

ಇನ್ನು ಪೂಜೆಯ ಮಾತು. ಮಠದಿಂದ ತಂದ ತೀರ್ಥದ ಸೀಸೆಯನ್ನು ಬಿಡಬೇಕಾಯಿತೆಂದು ನೊಂದುಕೊಳ್ಳುವ ತಾಯಂದಿರಿದ್ದಾರೆ. ಮೊಹರಿಲ್ಲದ ಸೀಸೆಯನ್ನು ತಪಾಸಣೆಯವರು ಬಿಡುವುದಿಲ್ಲವೆಂಬುದು ದಿಟ. ಆದರೆ ನಮ್ಮ ಧರ್ಮದಲ್ಲಿ ಪಾದೋದಕವು ಅಷ್ಟಾವರಣಗಳಲ್ಲಿ ಒಂದಾಗಿರುವುದು ಒಂದು ಹೊಳೆಯ ಅಥವಾ ಒಂದು ಊರಿನ ನೀರೆಂಬ ಕಾರಣಕ್ಕಲ್ಲ. ಕರಸ್ಥಲದಲ್ಲಿ ನೆಲೆಗೊಂಡ ಇಷ್ಟಲಿಂಗದ ಸ್ಪರ್ಶದಿಂದ ಸಾಮಾನ್ಯ ನೀರೇ ಪಾದೋದಕವಾಗುವುದು. ಲಿಂಗವು ದೇಹದ ಮೇಲೆಯೇ ಇರುವಾಗ ಭಕ್ತನಿಗೆ ದೂರದ ತೀರ್ಥದ ಹಂಗೇಕೆ? ಆದುದರಿಂದ ಹಡಗಿನ ನಲ್ಲಿಯ ನೀರನ್ನು ತಂಬಿಗೆಯಲ್ಲಿ ಹಿಡಿದು ನಿಶ್ಚಿಂತೆಯಿಂದ ಪೂಜೆ ಮಾಡಿಕೊಳ್ಳಬಹುದು. ಆದರೆ ಊದುಬತ್ತಿ, ಮೇಣದ ಬತ್ತಿ ಮೊದಲಾಗಿ ಬೆಂಕಿ ತಾಗಿಸುವ ವಸ್ತುಗಳಿಗೆ ಹಡಗಿನಲ್ಲಿ ಅವಕಾಶವಿಲ್ಲ. ನಡುಗಡಲಿನಲ್ಲಿ ಬೆಂಕಿಗಿಂತ ದೊಡ್ಡ ಅಪಾಯವಿಲ್ಲವಷ್ಟೆ. ವಿಭೂತಿ, ರುದ್ರಾಕ್ಷಿ, ಮಂತ್ರ ಇವುಗಳಿಂದಲೇ ಪೂಜೆ ಸಂಪೂರ್ಣವಾಗುವುದು.

ನಾವು ವಿಶೇಷವಾಗಿ ಹೇಳಬೇಕಾದ ಸಂಗತಿ ಮುಂದಿದೆ. ಕಾರ್ನಿವಲ್ ಮತ್ತು ರಾಯಲ್ ಕೆರಿಬಿಯನ್ ಹಡಗುಗಳಲ್ಲಿ ಅಮೆರಿಕದಿಂದ ಹೊರಡುವಾಗ 21 ವರ್ಷ ತುಂಬಿದ ಪ್ರತಿಯೊಬ್ಬರೂ 750 ಮಿಲಿಲೀಟರಿನ ಒಂದು ಸೀಸೆ ದ್ರಾಕ್ಷಾರಸದ ಮದ್ಯವನ್ನು ತರಬಹುದು. ಈ ಲೆಕ್ಕ ತಲೆಗೊಂದರಂತೆ ಇರುವುದರಿಂದಲೇ ತೊಡಕು ಹುಟ್ಟುತ್ತದೆ. ಕುಡಿಯುವ ಬಂಧುವೋ ಸ್ನೇಹಿತರೋ ಹಿರಿಯರ ಬಳಿ ಬಂದು, “ನೀವು ಹೇಗೂ ತರುವುದಿಲ್ಲ, ನಿಮ್ಮ ಪಾಲಿನ ಸೀಸೆಯನ್ನು ನಮಗಾಗಿ ನಿಮ್ಮ ಚೀಲದಲ್ಲಿಟ್ಟುಕೊಳ್ಳಿರಿ” ಎಂದು ಕೇಳುವುದುಂಟು. ದಾಕ್ಷಿಣ್ಯಕ್ಕೆ ಸಿಕ್ಕಿ ಹಿರಿಯರು ಒಪ್ಪಿಬಿಡುವರು. ಹಡಗಿನವರ ಲೆಕ್ಕದಲ್ಲಿ ಅದು ನಿಯಮಕ್ಕೆ ಒಳಪಟ್ಟುದೆಂದೇ ಇಟ್ಟುಕೊಳ್ಳೋಣ; ನಮ್ಮ ನೇಮದ ಲೆಕ್ಕದಲ್ಲಿ ಅದು ಸಲ್ಲುವುದೆ? ಲಿಂಗ ಧರಿಸಿದ ದೇಹವು ಮದ್ಯವನ್ನು ಹೊತ್ತು ಸಾಗುವುದು ಶೋಭೆಯಲ್ಲ. ಅದಕ್ಕಿಂತಲೂ ಮುಖ್ಯವಾಗಿ, ಅಜ್ಜನ ಚೀಲದಿಂದ ಸೀಸೆ ಹೊರಬರುವುದನ್ನು ನೋಡಿದ ಮೊಮ್ಮಗನಿಗೆ ನಾಳೆ ಅಜ್ಜನ ಉಪದೇಶ ಹಿಡಿಸುವುದೆಂತು? “ಅದೊಂದನ್ನು ಬಿಟ್ಟು ಬೇರೆ ಏನನ್ನಾದರೂ ಹೇಳಪ್ಪಾ” ಎಂದು ನಗುಮೊಗದಿಂದಲೇ ನಿರಾಕರಿಸಬಹುದು. ನಡೆನುಡಿ ಒಂದಾಗಿರಬೇಕೆಂಬುದು ಶರಣರ ಹಾದಿ. ಆ ಹಾದಿ ಬಂದರಿನ ಕಟ್ಟೆಗೆ ಮುಗಿದುಹೋಗುವುದಿಲ್ಲ.

ಎರಡನೆಯ ತೊಡಕು ಹಣದ್ದು. ಹಡಗಿನಲ್ಲಿ ದಿನಕ್ಕಿಷ್ಟೆಂದು ಮೊತ್ತ ಕಟ್ಟಿ ಮದ್ಯಪಾನೀಯಗಳನ್ನು ಪಡೆಯುವ ಯೋಜನೆಗಳಿವೆ. ಕಾರ್ನಿವಲ್ಲಿನ ಯೋಜನೆಯಲ್ಲಿ 24 ಗಂಟೆಗೆ 15 ಮದ್ಯಪಾನೀಯಗಳವರೆಗೆ ಅವಕಾಶವಿದೆ ಎಂಬುದರಿಂದಲೇ ಅದು ಎಂತಹವರಿಗಾಗಿ ಏರ್ಪಟ್ಟುದೆಂದು ತಿಳಿಯಬಹುದು. ಒಂದೇ ಕೊಠಡಿಯಲ್ಲಿರುವ ಒಬ್ಬ ವಯಸ್ಕರು ಈ ಯೋಜನೆಯನ್ನು ಕೊಂಡರೆ, ಅದೇ ಕೊಠಡಿಯ 21 ತುಂಬಿದ ಉಳಿದವರೂ ಕೊಳ್ಳಬೇಕೆಂಬ ಷರತ್ತು ಅಲ್ಲಿದೆ. ರಾಯಲ್ ಕೆರಿಬಿಯನ್ನಿನಲ್ಲಿಯೂ ಇಂತಹ ಷರತ್ತು ಉಂಟು. ಎಂದರೆ ತಂದೆಯೂ ಮಗನೂ ಒಂದೇ ಕೊಠಡಿಯಲ್ಲಿದ್ದು ಮಗನು ಕುಡಿಯುವವನಾದರೆ, ಹನಿ ಮದ್ಯ ಮುಟ್ಟದ ತಂದೆಯ ಹೆಸರಿನಲ್ಲಿಯೂ ಹಣ ತೆರಬೇಕಾಗುತ್ತದೆ. ಇದನ್ನು ಮೊದಲೇ ತಿಳಿದು ಹಿರಿಯರಿಗೆ ಬೇರೆ ಕೊಠಡಿಯನ್ನು ಗೊತ್ತುಪಡಿಸುವುದು ಲೇಸು. ಆರೋಗ್ಯ ಮೊದಲಾದ ಕಾರಣಗಳನ್ನು ತಿಳಿಸಿ ಕಂಪನಿಯನ್ನು ವಿನಂತಿಸಿಯೂ ನೋಡಬಹುದು. ಆ ಯೋಜನೆಯನ್ನೇ ಕೈಬಿಟ್ಟರಂತೂ ಮಗನಿಗೂ ಒಳಿತು, ಮನೆತನಕ್ಕೂ ಒಳಿತು. ಹಣವನ್ನು ಕಾಯಕದ ಫಲವೆಂದೂ ದಾಸೋಹದ ಮೂಲವೆಂದೂ ತಿಳಿದ ನಮಗೆ, ಕುಡಿಯದ ಮದ್ಯಕ್ಕೆ ಬೆಲೆ ಕೊಡುವುದರಂತಹ ವ್ಯರ್ಥವ್ಯಯ ಇನ್ನೊಂದಿಲ್ಲ.

ಕಿರಿಯರಿಗೂ ಒಂದು ಮಾತು. ಹೆತ್ತವರನ್ನು ಕರೆದೊಯ್ಯುವಾಗ ಹಡಗಿನ ವೈಭವವನ್ನು ವರ್ಣಿಸಿದರಷ್ಟೇ ಸಾಲದು. ಅವರ ಪೂಜೆಗೆ ಬೆಳಗಿನಲ್ಲಿ ಅರ್ಧ ಗಂಟೆಯ ಏಕಾಂತ, ಒಂದು ತಂಬಿಗೆ ನೀರು, ಸಸ್ಯಾಹಾರ ಬೇಕೆಂದು ಮೊದಲೇ ಬರೆಸಿದ ಚೀಟಿ, ಇಷ್ಟನ್ನು ಒದಗಿಸಿದರೆ ಅವರ ಪಾಲಿಗೆ ಅದೇ ನಿಜವಾದ ವೈಭವ. ಹಿರಿಯರೂ ಅಷ್ಟೆ: ಸುತ್ತಲಿನವರು ಕುಡಿಯುವುದನ್ನು ಕಂಡು ಮುಖ ಸಿಂಡರಿಸಬೇಕಾಗಿಲ್ಲ, ಅನ್ಯರಿಗೆ ಅಸಹ್ಯಪಡಬೇಕಾಗಿಲ್ಲ. ತಮ್ಮ ನೇಮವನ್ನು ತಾವು ಸದ್ದಿಲ್ಲದೆ ನಡೆಸಿದರೆ ಅದೇ ನೋಡುವವರಿಗೆ ಪಾಠವಾಗುವುದು. ಪ್ರವಾಸಕ್ಕೆ ಹೊರಡುವ ಬಂಧುಗಳೆಲ್ಲರಿಗೂ ಕೂಡಲಸಂಗಮನಾಥನು ಸುಖಪ್ರಯಾಣವನ್ನು ಕರುಣಿಸಲಿ.