ಷವರಿನ ನೀರಿಗೆ ರಭಸ ಎಲ್ಲಿಂದ?

ಮಹಡಿ ಮನೆಗಳಲ್ಲಿ ಒಂದು ವಿಚಿತ್ರವನ್ನು ಕಾಣಬಹುದು. ತಾರಸಿಯ ಟ್ಯಾಂಕಿಗೆ ಹತ್ತಿರವಿರುವ ಮೇಲಿನ ಬಚ್ಚಲುಮನೆಯಲ್ಲಿ ಷವರ್ ತೊಟ್ಟಿಕ್ಕುತ್ತದೆ. ಕೆಳಗಿನದರಲ್ಲಿ ನೀರು ರಭಸದಿಂದ ಸುರಿಯುತ್ತದೆ. ನೀರಿನ ಒತ್ತಡ ಅದರ ಎತ್ತರವನ್ನು ಅವಲಂಬಿಸಿದೆ ಎಂಬ ಶಾಲೆಯ ಪಾಠವೇ ಇದಕ್ಕೆ ಉತ್ತರ. 10 ಮೀಟರ್ ಎತ್ತರದ ನೀರು ಸುಮಾರು 1 ಬಾರ್ ಒತ್ತಡ ಕೊಡುತ್ತದೆ. ಟ್ಯಾಂಕಿನ ನೀರು ಷವರಿಗಿಂತ 2 ಮೀಟರ್ ಮಾತ್ರ ಮೇಲಿದ್ದರೆ ಸಿಗುವುದು 0.2 ಬಾರ್. ಟ್ಯಾಂಕು 500 ಲೀಟರಿನದಾಗಲಿ, 2000 ಲೀಟರಿನದಾಗಲಿ, ನೀರಿನ ಮಟ್ಟ ಒಂದೇ ಆದರೆ ಒತ್ತಡವೂ ಒಂದೇ.

ದೊಡ್ಡ ಗೀಸರ್ ತಂದರೆ ರಭಸ ಹೆಚ್ಚೀತೆಂದು ನಂಬುವವರಿದ್ದಾರೆ. ಗೀಸರ್ ನೀರನ್ನು ಕಾಯಿಸುತ್ತದೆಯೇ ಹೊರತು ತಳ್ಳುವುದಿಲ್ಲ. 3 ಕಿಲೋವಾಟ್‌ನ ಇನ್‌ಸ್ಟಂಟ್ ಗೀಸರ್ ನಿಮಿಷಕ್ಕೆ ಸುಮಾರು 2 ಲೀಟರ್ ನೀರಿನ ಉಷ್ಣತೆಯನ್ನಷ್ಟೇ 20 ಡಿಗ್ರಿ ಏರಿಸಬಲ್ಲದು. ಪಂಪಿನಿಂದ ಹರಿವು ಹೆಚ್ಚಿಸಿದರೆ ನೀರು ಸರಿಯಾಗಿ ಕಾಯುವುದೇ ಇಲ್ಲ. ಷವರ್ ಸ್ನಾನಕ್ಕೆ 15 ಅಥವಾ 25 ಲೀಟರಿನ ಸ್ಟೋರೇಜ್ ಗೀಸರೇ ಲೇಸು.

ಪಂಪು ಕೊಳ್ಳುವ ಮೊದಲು ಷವರಿನ ಜಾಲರಿಯನ್ನು ಬಿಚ್ಚಿ ನೋಡಬೇಕು. ಆಗ ನೀರು ಚೆನ್ನಾಗಿ ಬಂದರೆ ರಂಧ್ರಗಳಲ್ಲಿ ಕಟ್ಟಿದ ಸುಣ್ಣವೇ ಕಾರಣ. ವಿನಿಗರ್‌ನಲ್ಲಿ ನೆನೆಸಿ ಉಜ್ಜಿದರೆ ಸಾಕು. ಇಲ್ಲವಾದರೆ ಟ್ಯಾಂಕನ್ನು ಎತ್ತರಿಸಬಹುದು. ಅದೂ ಆಗದಿದ್ದರೆ ಟ್ಯಾಂಕಿನಿಂದ ಇಳಿಯುವ ಪೈಪಿಗೆ ಪ್ರೆಷರ್ ಪಂಪು ಹಾಕಿಸಬಹುದು. ಪಂಪಿನ ಒತ್ತಡ ಗೀಸರಿನ ಮೇಲೆ ನಮೂದಿಸಿದ ಮಿತಿಯನ್ನು ಮೀರಬಾರದು. ಗೀಸರಿನ ಸೇಫ್ಟಿ ವಾಲ್ವನ್ನು ತೆಗೆಯಲೇಬಾರದು.

ಆದರೆ ಬೀದಿಯಿಂದ ಮನೆಗೆ ಬರುವ ನಲ್ಲಿಯ ಕೊಳವೆಗೆ ಪಂಪನ್ನು ನೇರವಾಗಿ ಜೋಡಿಸುವುದು ಸಲ್ಲದು. ಪಂಪು ನೀರನ್ನು ಹೀರುವಾಗ ಕೊಳವೆಯ ಬಿರುಕುಗಳ ಮೂಲಕ ಚರಂಡಿಯ ನೀರೂ ಒಳನುಗ್ಗಬಹುದು. ಒಂದು ಮನೆಯ ಸ್ನಾನದ ಸುಖ ಬೀದಿಯ ಮಕ್ಕಳಿಗೆಲ್ಲ ಕಾಯಿಲೆ ತರಬಾರದು.